ಮಲೆನಾಡಿನ ರಸ್ತೆಯ ಅಂಚು ಯಾರದು?

ಚಳಿಗಾಲ ಬಂತೆಂದರೆ ಶನಿವಾರ ರಾತ್ರಿ ಬೆಂಗಳೂರು ಬಿಟ್ಟ ಕಾರುಗಳು ಭಾನುವಾರ ಬೆಳಗಾಗುವ ಹೊತ್ತಿಗೆ ನಮ್ಮ ಶಿವಮೊಗ್ಗದ ತುಂಗೆಯ ಸೇತುವೆ ದಾಟುತ್ತವೆ. ಕೆಲವು ಕಾರುಗಳ ಬೆನ್ನಿಗೆ ಎರಡು ಮೂರು ಸೈಕಲ್ಲು ಕಟ್ಟಿರುತ್ತದೆ. ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಕಾರು ನಿಲ್ಲಿಸಿ, ಸೈಕಲ್ಲನ್ನು ಇಳಿಸಿ, ಜಲಾಶಯಗಳ ಸುತ್ತಲಿನ ಕಾಡು ರಸ್ತೆಗಳಲ್ಲಿ ಒಂದು ದಿನ, ಎರಡು ದಿನ ಸುತ್ತಿ ಮರಳುತ್ತಾರೆ. ಒಂದೊಂದು ಸೈಕಲ್ಲಿನ ಬೆಲೆ ಲಕ್ಷ ರೂಪಾಯಿಯೂ ಇರಬಹುದು. ಅವರ ಮೇಲೆ ನಮಗೆ ದ್ವೇಷವಿಲ್ಲ. ಕಾಲಿನ ಬಲದಿಂದ ಊರು ನೋಡಬೇಕೆನ್ನುವವನು ಯಾರೇ ಆಗಲಿ, ಕಾರಿನೊಳಗೆ ಕುಳಿತು ಹೊಗೆ ಬಿಡುತ್ತ ಹೋಗುವವನಿಗಿಂತ ನಮಗೆ ಹತ್ತಿರದವನೇ. ನಾವು ಕೇಳುವ ಪ್ರಶ್ನೆ ಬೇರೆ. ಮುನ್ನೂರು ಕಿಲೋಮೀಟರು ದೂರದಿಂದ ಬಂದವನು ಸೈಕಲ್ಲಿನ ಮೇಲೆ ನೋಡಿ ಹೋಗುವ ನೀರನ್ನು, ದಿನಾಲೂ ಸೈಕಲ್ಲಿನ ಮೇಲೆಯೇ ಗಿರಣಿಗೆ ಹೋಗಿ ಬರುವ ನಮ್ಮ ಕೆಲಸಗಾರ ಏಕೆ ನೋಡಿಲ್ಲ?

ಇದು ಹಗುರವಾದ ಪ್ರಶ್ನೆಯಲ್ಲ. ನಮ್ಮ ಅಕ್ಕಿ ಗಿರಣಿಗಳಿಗೆ ಬರುವ ಭತ್ತದಲ್ಲಿ ಬಹುಪಾಲು ಭದ್ರೆಯ ಕಾಲುವೆಯ ನೀರು ಕುಡಿದು ಬೆಳೆದದ್ದು. ರಾಜ್ಯದ ಗಿರಣಿಗಳ ಮೋಟಾರು ತಿರುಗಿಸುವ ಕರೆಂಟಿನಲ್ಲಿ ಶರಾವತಿಯ ಪಾಲು ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರವೊಂದೇ 1035 ಮೆಗಾವಾಟಿನದು. ಹೀಗೆ ದಿನದ ಎಂಟು ಗಂಟೆ ನಾವು ಯಾವ ನೀರಿನ ಬಲದಿಂದ ದುಡಿಯುತ್ತೇವೆಯೋ ಆ ನೀರು ನಿಂತಿರುವ ಜಾಗವನ್ನು ಕಣ್ಣಿಂದ ಕಾಣದೆ ಮುದುಕರಾಗುವ ಜನ ನಮ್ಮಲ್ಲಿ ಸಾವಿರಾರು. ಮದುವೆಗೋ ಜಾತ್ರೆಗೋ ಬಸ್ಸಿನಲ್ಲಿ ಹೋಗುವಾಗ ನಿದ್ದೆಗಣ್ಣಿನಲ್ಲಿ ನೋಡಿದ್ದರೆ ಅದು ಬೇರೆ ಮಾತು.

ಕೇಳಿದರೆ ಬರುವ ಮೊದಲನೆಯ ಉತ್ತರ, "ಮೇಷ್ಟ್ರೇ, ನಮ್ಮ ಸೈಕಲ್ಲಿಗೆ ಗೇರಿಲ್ಲ. ಆ ಘಟ್ಟ ಹತ್ತೋದು ಹ್ಯಾಂಗೆ?" ಎಂಬುದು. ಈ ಹೆದರಿಕೆಯನ್ನು ಮೊದಲು ಬಿಡಿಸಬೇಕು. ಶಿವಮೊಗ್ಗ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 570 ಮೀಟರು ಎತ್ತರದಲ್ಲಿದೆ. ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ 1819 ಅಡಿ, ಅಂದರೆ ಸುಮಾರು 554 ಮೀಟರು. ನೀರು ನಮಗಿಂತ ಕೆಳಗೇ ಇದೆ! ಘಟ್ಟವೆಂಬುದು ಕುಂದಾಪುರದಿಂದಲೋ ಹೊನ್ನಾವರದಿಂದಲೋ ಮೇಲೆ ಬರುವವನಿಗೆ ಘಟ್ಟ. ಬಯಲಿನ ಕಡೆಯಿಂದ ಹೋಗುವ ನಮಗೆ ಅದು ಏರಿಳಿತದ ನಾಡು, ಅಷ್ಟೆ. ಒಂದು ದಿಬ್ಬ ಹತ್ತಿದರೆ ಒಂದು ಇಳಿಜಾರು, ಕೆಳಗೊಂದು ಹಳ್ಳ, ಹಳ್ಳದ ಪಕ್ಕ ಅಡಿಕೆ ತೋಟ, ಮತ್ತೆ ದಿಬ್ಬ. ಸಾಕಾದಾಗ ಇಳಿದು ತಳ್ಳಿಕೊಂಡು ಹೋದರಾಯಿತು. ಹಿಟ್ಟಿನ ಮೂಟೆ ಹೇರಿದ ಸೈಕಲ್ಲನ್ನು ಊರೊಳಗೆ ತಳ್ಳಿದವನಿಗೆ ಬರಿಯ ಸೈಕಲ್ಲನ್ನು ಕಾಡಿನ ನೆರಳಿನಲ್ಲಿ ತಳ್ಳುವುದಕ್ಕೆ ನಾಚಿಕೆಯೇನು?

ಹತ್ತಿರದ ದಾರಿಗಳಿಂದಲೇ ಆರಂಭಿಸಬಹುದು. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರಿನ ತುಂಗಾ ಅಣೆಕಟ್ಟು ಹನ್ನೆರಡು ಕಿಲೋಮೀಟರು ಮಾತ್ರ. ಅದರ ಹಿನ್ನೀರಿನ ದಡದಲ್ಲೇ ಸಕ್ರೆಬೈಲಿನ ಆನೆ ಬಿಡಾರ. ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ ಆನೆಗಳಿಗೆ ಸ್ನಾನ ಮಾಡಿಸುವ ಹೊತ್ತಿಗೆ ಸರಿಯಾಗಿ ತಲುಪಿ, ಹನ್ನೊಂದರೊಳಗೆ ಮರಳಿ ಮನೆಯ ಸಂತೆ ಕೆಲಸವನ್ನೂ ಮಾಡಬಹುದು. ಕಾಲು ಗಟ್ಟಿಯಿರುವವರು ಮುಂದೆ ಮಂಡಗದ್ದೆಯವರೆಗೆ ಹೋಗಬಹುದು. ನಡುಹೊಳೆಯ ಮರಗಳಲ್ಲಿ ಮಳೆಗಾಲದಲ್ಲಿ ಹಕ್ಕಿಗಳು ಗೂಡು ಕಟ್ಟುವ ಊರು ಅದು. ಎರಡನೆಯದು ಭದ್ರೆಯ ದಾರಿ. ಲಕ್ಕಿನಕೊಪ್ಪದ ಮೇಲೆ ಶಂಕರಘಟ್ಟ, ಅಲ್ಲಿಂದ ಬಿ.ಆರ್. ಪ್ರಾಜೆಕ್ಟು, ಹೆಚ್ಚೆಂದರೆ ಮೂವತ್ತು ಕಿಲೋಮೀಟರು. ಭದ್ರಾವತಿಯವರಿಗೆ ಇನ್ನೂ ಹತ್ತಿರ. 1947ರಲ್ಲಿ ಕೆಲಸ ಹಿಡಿದು 1965ರ ಹೊತ್ತಿಗೆ ಮುಗಿಸಿದ ಈ ಅಣೆಕಟ್ಟಿನಲ್ಲಿ 186 ಅಡಿ ನೀರು ನಿಲ್ಲುತ್ತದೆ. ಆ ಕಡೆ ಉಂಬ್ಳೇಬೈಲಿನ ಕಾಡು ರಸ್ತೆ ಹಿಡಿಯುವವರಿಗೆ ಒಂದೇ ಎಚ್ಚರಿಕೆ: ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಬೇಡ. ಆನೆ ಓಡಾಡುವ ಜಾಗ. ಕಾರಿನಲ್ಲಿದ್ದವನಿಗೆ ಆನೆ ನೋಟ, ಸೈಕಲ್ಲಿನವನಿಗೆ ಅದು ಜೀವದ ಪ್ರಶ್ನೆ.

ಆದರೆ ನೋಡಲೇಬೇಕಾದ ದಾರಿ ಶರಾವತಿಯದು. ಸಾಗರದಿಂದ ಆವಿನಹಳ್ಳಿಯ ಮೇಲೆ ಹೊಳೆಬಾಗಿಲಿಗೆ ಹೋಗುವ ರಸ್ತೆಯಲ್ಲಿ ಸೈಕಲ್ಲು ತುಳಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಮುಖ್ಯರಸ್ತೆಯಿಂದ ಕವಲೊಡೆದ ಎಷ್ಟೋ ದಾರಿಗಳು ಸ್ವಲ್ಪ ದೂರ ಹೋಗಿ ನೇರವಾಗಿ ನೀರಿನೊಳಕ್ಕೆ ಇಳಿಯುತ್ತವೆ. ಅಲ್ಲಿ ಸೇತುವೆಯಿಲ್ಲ, ದೋಣಿಯಿಲ್ಲ. ದಾರಿ ನೀರಿಗೆ ಹೋಗಲೆಂದು ಮಾಡಿದ್ದಲ್ಲ, ನೀರೇ ದಾರಿಯ ಮೇಲೆ ಬಂದದ್ದು. 1964ರಲ್ಲಿ ಲಿಂಗನಮಕ್ಕಿ ಕಟ್ಟು ಮುಗಿದಾಗ ಸುಮಾರು ಮುನ್ನೂರು ಚದರ ಕಿಲೋಮೀಟರು ನೆಲ ಮುಳುಗಿತು. ಗದ್ದೆ, ತೋಟ, ಮನೆ, ದೇವಸ್ಥಾನ, ಸಂತೆ ಮಾಳ, ಅವುಗಳನ್ನೆಲ್ಲ ಕೂಡಿಸುತ್ತಿದ್ದ ಗಾಡಿದಾರಿ, ಎಲ್ಲವೂ. ಇಂದು ಸೈಕಲ್ಲಿನವರು ಬಾಯ್ತುಂಬ ಹೊಗಳುವ ಆ ಬಳಸು ರಸ್ತೆ, ಬೆಟ್ಟದ ಸೆರಗು ಹಿಡಿದು ಹೊರಳಿ ಹೊರಳಿ ಹೋಗುವ ಆ ಚಂದದ ತಿರುವುಗಳು, ಇವು ಚಂದಕ್ಕಾಗಿ ಮಾಡಿದವಲ್ಲ. ಎದುರು ಕಾಣುವ ಊರಿಗೆ ಹೋಗುವ ದಾರಿ ನೀರಿನಡಿ ಹೋದದ್ದರಿಂದ ಉಳಿದ ಸುತ್ತುದಾರಿ ಅದು.

ಆ ಸುತ್ತನ್ನು ಕಾರೂರು ಹೋಬಳಿಯ ಜನ ಎರಡು ತಲೆಮಾರು ಸುತ್ತಿದರು. ಎದುರು ದಡದ ತುಮರಿಯಿಂದ ಸಾಗರದ ಆಸ್ಪತ್ರೆಗೆ ಬರಬೇಕಾದರೆ ಲಾಂಚಿಗೆ ಕಾಯಬೇಕು. ಸಂಜೆ ಲಾಂಚು ನಿಂತ ಮೇಲೆ ಹೆರಿಗೆ ನೋವು ಬಂದರೆ ದೇವರೇ ಗತಿ. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿನಲ್ಲಿ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. ಹಸಿರುಮಕ್ಕಿ, ಮುಪ್ಪಾನೆ ಕಡವುಗಳಲ್ಲೂ ಇದೇ ಕಥೆ. ಕೊನೆಗೆ 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸುಮಾರು 2.4 ಕಿಲೋಮೀಟರು ಉದ್ದದ ಸೇತುವೆ ತೆರೆಯಿತು. ಕಟ್ಟೆ ಕಟ್ಟಿ ಅರವತ್ತು ವರ್ಷಗಳ ಮೇಲೆ! ಜನರ ಹಟಕ್ಕೆ ಸಂದ ಜಯವೆಂದು ನಾವು ಅದನ್ನು ಭಾವಿಸುತ್ತೇವೆ. ನಮ್ಮ ಓದುಗರಲ್ಲಿ ಸೈಕಲ್ಲು ಇದ್ದವರು ಒಮ್ಮೆ ಆ ಸೇತುವೆಯ ಮೇಲೆ ನಿಧಾನವಾಗಿ ಹೋಗಬೇಕು. ಕಾರಿನಲ್ಲಿ ಎರಡೇ ನಿಮಿಷ. ಸೈಕಲ್ಲಿನಲ್ಲಿ ಹತ್ತು ಹನ್ನೆರಡು ನಿಮಿಷ, ಎದುರುಗಾಳಿಯಿದ್ದರೆ ಹದಿನೈದು. ಕೆಳಗೆ ಏನಿದೆಯೆಂದು ಯೋಚಿಸಲು ಅಷ್ಟು ಹೊತ್ತು ಬೇಕು.

ಸೇತುವೆ ದಾಟಿದ ಮೇಲೆ ತುಮರಿ, ಆಚೆಗೆ ಸಿಗಂದೂರು. ಬಹುಪಾಲು ಜನ ದೇವಿಯ ದರ್ಶನ ಮಾಡಿ ಹಿಂದಿರುಗುತ್ತಾರೆ. ಎರಡು ದಿನ ಬಿಡುವಿದ್ದವರು ಮುಂದೆ ನಿಟ್ಟೂರಿಗೆ ಹೋಗಿ, ಸಂಪೆಕಟ್ಟೆಯ ಮೇಲೆ ನಗರ ಸೇರಬಹುದು. ಕೆಳದಿಯ ಅರಸರು ಬಿದನೂರೆಂದು ಆಳಿದ ರಾಜಧಾನಿ ಅದು. ಕೋಟೆ ರಸ್ತೆಯ ಪಕ್ಕದಲ್ಲೇ ಇದೆ. ನಗರದಿಂದ ಹೊಸನಗರ, ಬಟ್ಟೆಮಲ್ಲಪ್ಪ, ಮತ್ತೆ ಸಾಗರ. ಜಲಾಶಯಕ್ಕೆ ಒಂದು ಸುತ್ತು ಬಂದಂತೆ. ಚಕ್ರಾ, ಸಾವೇಹಕ್ಲು, ವಾರಾಹಿಯ ಮಾಣಿ ಅಣೆಕಟ್ಟು, ಈ ಮೂರೂ ನಗರ, ಮಾಸ್ತಿಕಟ್ಟೆಗಳ ಆಸುಪಾಸಿನಲ್ಲೇ. ಒಂದೊಂದು ಹೊಳೆಗೂ ಒಂದೊಂದು ಕಟ್ಟೆ. ನಾಡಿಗೆ ಬೆಳಕು ಕೊಟ್ಟ ಸೀಮೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಆ ಬೆಳಕಿಗಾಗಿ ಮನೆ ಬಿಟ್ಟವರನ್ನು ಲಾರಿಯಲ್ಲಿ ತುಂಬಿ ತಂದು ಇಳಿಸಿದ ಊರುಗಳು ನಮ್ಮ ಶಿವಮೊಗ್ಗ ತಾಲೂಕಿನಲ್ಲೇ ಇವೆ, ಶೆಟ್ಟಿಹಳ್ಳಿಯ ಕಾಡಿನೊಳಗಿವೆ. 1974ರಲ್ಲಿ ಆ ಕಾಡನ್ನೇ ಅಭಯಾರಣ್ಯವೆಂದು ಸಾರಿದರು. ಮುಳುಗಡೆಯವರಲ್ಲಿ ಹಲವರಿಗೆ ಉಳುವ ನೆಲದ ಹಕ್ಕುಪತ್ರ ಇಂದಿಗೂ ಕೈಗೆ ಬಂದಿಲ್ಲ. ಜಲಾಶಯ ನೋಡಲು ಹೋಗುವವನು ಹೋಗುವ ಮುನ್ನ ಈ ಊರುಗಳನ್ನೂ ಒಂದು ಭಾನುವಾರ ನೋಡಿ ಬರಲಿ. ಆಯನೂರು ಕಡೆಯ ದಾರಿ ಸೈಕಲ್ಲಿಗೆ ದೂರವೇನಲ್ಲ.

ಸೈಕಲ್ಲಿನ ಬಗ್ಗೆ ಎರಡು ಮಾತು. ಹಿಂದಿನ ಫ್ರೀವೀಲಿನ ಹಲ್ಲು ಹೆಚ್ಚಿದ್ದಷ್ಟೂ ದಿಬ್ಬ ಹಗುರವಾಗುತ್ತದೆ. ಗೇರಿಲ್ಲದ ಸೈಕಲ್ಲಿಗೆ ಇದ್ದುದಕ್ಕಿಂತ ಎರಡು ನಾಲ್ಕು ಹಲ್ಲು ಹೆಚ್ಚಿನದನ್ನು ಅಂಗಡಿಯಲ್ಲಿ ಹಾಕಿಸಿಕೊಂಡರೆ ಮಟ್ಟಸ ರಸ್ತೆಯಲ್ಲಿ ಸ್ವಲ್ಪ ವೇಗ ಹೋಗುತ್ತದೆ, ಆದರೆ ಮೊಣಕಾಲು ಉಳಿಯುತ್ತದೆ. ದೊಡ್ಡ ಖರ್ಚಲ್ಲ. ಖರ್ಚಿಗಿಂತ ಮುಖ್ಯ ಬ್ರೇಕು. ಹುಲಿಕಲ್ಲು, ಆಗುಂಬೆ, ಕೊಲ್ಲೂರು ಘಟ್ಟಗಳನ್ನು ಕರಾವಳಿಯ ಕಡೆಗೆ ಇಳಿಯುವ ಉತ್ಸಾಹ ಹುಡುಗರಿಗೆ ಬೇಗ ಬರುತ್ತದೆ. ಏರುವುದರಲ್ಲಿ ಅಪಾಯವಿಲ್ಲ, ಬೆವರು ಮಾತ್ರ, ಅಪಾಯವೆಲ್ಲ ಇಳಿಯುವುದರಲ್ಲಿ. ಸವೆದ ರಬ್ಬರು ಕಟ್ಟೆಗಳ ಬ್ರೇಕು ಒಣ ರಸ್ತೆಯಲ್ಲಿ ಹಿಡಿದಂತೆ ಒದ್ದೆಯಲ್ಲಿ ಹಿಡಿಯುವುದಿಲ್ಲ. ಉದ್ದಕ್ಕೂ ಅದುಮಿ ಹಿಡಿದರೆ ಚಕ್ರದ ರಿಮ್ಮು ಕಾಯುತ್ತದೆ; ಬಿಟ್ಟು ಬಿಟ್ಟು ಹಿಡಿಯಬೇಕು, ಮುಂದಿನದನ್ನೊಂದೇ ಎಂದಿಗೂ ಹಿಡಿಯಬಾರದು. ಮಳೆ ಬಿಟ್ಟ ಹೊಸತರಲ್ಲಿ ರಸ್ತೆಯ ಅಂಚಿಗೆ ಹಾವಸೆ ಕಟ್ಟಿರುತ್ತದೆ, ಕಾಡಿನ ನೆರಳಿರುವ ತಿರುವಿನಲ್ಲಿ ಬಿಸಿಲೇರಿದರೂ ಆರುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಆ ಕಡೆ ಹೋಗುವುದೇ ಬೇಡ ಎಂಬುದು ನಮ್ಮ ಅಭಿಪ್ರಾಯ. ಹುಲಿಕಲ್ಲಿನ ಮಳೆ ನಮ್ಮ ಬಯಲಿನ ಮಳೆಯಲ್ಲ. ಉಂಬಳದ ಕಾಟ ಬೇರೆ. ಪಂಪು, ಪಂಕ್ಚರಿನ ಸಾಮಾನು, ಒಂದು ಟ್ಯೂಬು, ನೀರು, ಅವಲಕ್ಕಿ-ಬೆಲ್ಲ ಇವಿಷ್ಟು ಕೈಯಲ್ಲಿರಲಿ. ಊರಿಂದೂರಿಗೆ ಅಂತರ ಹೆಚ್ಚು. ಸೈಕಲ್ ಷಾಪು ಎಲ್ಲ ಕಡೆ ಸಿಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಬ್ಬ ಕೆಲಸಗಾರನ ಹೆಂಡತಿ, "ಆ ರಸ್ತೆಯಲ್ಲಿ ಹೋಗಿ ನಿಮಗೇನಾದರೂ ಆದರೆ ಮಕ್ಕಳ ಗತಿಯೇನು?" ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಆಕೆ ಹೆದರುವುದು ಆನೆಗಲ್ಲ, ಘಟ್ಟಕ್ಕಲ್ಲ. ಟಿಪ್ಪರಿಗೆ. ಹಿಂದಿನಿಂದ ಹಾರನ್ನು ಒತ್ತುತ್ತ ಬಂದು, ಎದುರಿನ ಬಸ್ಸಿಗೂ ಸೈಕಲ್ಲಿಗೂ ನಡುವೆ ನುಗ್ಗುವ ಕಾರಿಗೆ.

ಎರಡು ಪಥದ ರಾಷ್ಟ್ರೀಯ ಹೆದ್ದಾರಿಗೆ ಏಳು ಮೀಟರು ವಾಹನದ ದಾರಿ, ಅದರ ಎರಡೂ ಬದಿಗೆ ತಲಾ ಒಂದೂವರೆ ಮೀಟರು ಡಾಂಬರು ಹಾಕಿದ ಅಂಚು ಎಂಬುದು ಇಂಜಿನಿಯರುಗಳ ಪುಸ್ತಕದಲ್ಲೇ ಇರುವ ಒಂದು ಅಳತೆ. ಆ ಒಂದೂವರೆ ಮೀಟರಿನಲ್ಲಿ ಸೈಕಲ್ಲು ನೆಮ್ಮದಿಯಾಗಿ ಹೋಗುತ್ತದೆ. ಹಾಗಾದರೆ ಅದು ಎಲ್ಲಿ ಹೋಯಿತು? ಎಷ್ಟೋ ಕಡೆ ಅಂಚನ್ನೂ ಸೇರಿಸಿಕೊಂಡೇ ವಾಹನಗಳು ಓಡುತ್ತವೆ. ಊರು ಬಂದಲ್ಲಿ ಅದರ ಮೇಲೆ ಕಾರು ನಿಂತಿರುತ್ತದೆ. ಮೋರಿ ಬಂದಲ್ಲಿ ರಸ್ತೆ ಒಮ್ಮೆಲೇ ಕಿರಿದಾಗಿ, ಸೈಕಲ್ಲಿನವನು ಲಾರಿಯ ಮುಂದೆ ಬಂದು ಬೀಳುತ್ತಾನೆ. ಒಳದಾರಿಗಳಲ್ಲಂತೂ ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಏರಿದೆ, ಪಕ್ಕದ ಮಣ್ಣು ಗೇಣುದ್ದ ಕೆಳಗೆ ಉಳಿದಿದೆ. ಹಾರನ್ನಿಗೆ ಹೆದರಿ ಕೆಳಗಿಳಿದವನು ಬಿದ್ದೇ ಬೀಳುತ್ತಾನೆ. ಆ ಅಂಚಿಗೆ ನಾಲ್ಕು ಬುಟ್ಟಿ ಜಂಬಿಟ್ಟಿಗೆ ಮಣ್ಣು ತುಂಬಿ ದಿಮ್ಮಿಸುವುದಕ್ಕೆ ಕೋಟಿಗಟ್ಟಲೆ ಹಣದ ಯೋಜನೆ ಬೇಕೆ? ಲೋಕೋಪಯೋಗಿ ಇಲಾಖೆಯವರು ಮಳೆಗಾಲ ಮುಗಿದೊಡನೆ ಗುಂಡಿ ಮುಚ್ಚುವ ಕೆಲಸದ ಜೊತೆಗೇ ಮಾಡಬಹುದಾದದ್ದು ಇದು.

ರಸ್ತೆ ಅಗಲ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರುಂಟು. ನಾವು ಒಪ್ಪುವುದಿಲ್ಲ. ಕಾಡಿನ ರಸ್ತೆಯನ್ನು ಅಗಲ ಮಾಡಿದರೆ ಮರ ಹೋಗುತ್ತದೆ, ನೆರಳು ಹೋಗುತ್ತದೆ, ಧರೆ ಕಡಿದಲ್ಲಿ ಮುಂದಿನ ಮಳೆಗೆ ಗುಡ್ಡ ಜಾರುತ್ತದೆ. ಕಾರಿನ ವೇಗ ಮಾತ್ರ ಹೆಚ್ಚುತ್ತದೆ. ಸೈಕಲ್ಲಿನವನಿಗೆ ಬೇಕಾದದ್ದು ಅಗಲವಲ್ಲ, ಅಂಚು. ಜಲಾಶಯದ ಸುತ್ತಿನ ಕಿರಿದಾದ ರಸ್ತೆಗಳಲ್ಲಿ ವೇಗಕ್ಕೆ ಮಿತಿ ಹಾಕಿ, ಭಾನುವಾರ ಬೆಳಗ್ಗೆ ಹತ್ತರವರೆಗೆ ಟಿಪ್ಪರುಗಳನ್ನು ತಡೆದರೆ ಸಾಕು. ಈ ರಸ್ತೆಗಳಲ್ಲಿ ಸೈಕಲ್ಲು ತುಳಿಯುವವರು ಬರಿಯ ಪ್ರವಾಸಿಗಳಲ್ಲ ಎಂಬುದನ್ನೂ ಅಧಿಕಾರಿಗಳು ನೆನಪಿಡಬೇಕು. ಹಾಲಿನ ಕ್ಯಾನು ಕಟ್ಟಿಕೊಂಡ ಮುದುಕ, ಶಾಲೆಯ ಹುಡುಗಿ, ತೋಟದ ಕೆಲಸಕ್ಕೆ ಹೋಗುವ ಆಳು, ಎಲ್ಲರೂ ಅದೇ ಅಂಚಿನಲ್ಲಿ ಇದ್ದಾರೆ.

ಶಾಲೆಯ ಹುಡುಗಿಯ ಮಾತು ಬಂತು. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ಆರಂಭಿಸಿತು. ಪಾಠ ಹೇಳಿದ ನಮ್ಮಂಥವರು ಬಲ್ಲೆವು, ಆ ಸೈಕಲ್ಲು ಬಂದ ಮೇಲೆ ಆರೇಳು ಕಿಲೋಮೀಟರು ದೂರದ ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲು ಬಿಡಲಿಲ್ಲ. ಸೈಕಲ್ಲಿನ ಗುಣಮಟ್ಟದ ಬಗ್ಗೆ ದೂರು ಬೇಕಾದಷ್ಟಿತ್ತು, ಅದು ಬೇರೆ. ಕೊರೋನಾ ಕಾಲದಲ್ಲಿ ಆ ಯೋಜನೆ ನಿಂತುಹೋಯಿತು. ಗದ್ದಲ ಮಾಡಿದವರು ಕಡಿಮೆ. ಕಾರಿನ ಸಾಲಕ್ಕೆ ಬಡ್ಡಿ ಒಂದು ಪೈಸೆ ಏರಿದರೆ ಪತ್ರಿಕೆಗಳ ಮುಖಪುಟದಲ್ಲಿ ಬರುತ್ತದೆ.

ಇನ್ನು ವರ್ತಕ ಬಂಧುಗಳಿಗೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲು ಮತ್ತು ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಒಳ್ಳೆಯದಾಯಿತು. ಆದರೆ ತೆರಿಗೆ ಇಳಿದ ಮಾತ್ರಕ್ಕೆ ಸೈಕಲ್ಲು ಮಾರಾಟವಾಗುವುದಿಲ್ಲ, ಓಡಿಸುವ ಜಾಗ ಬೇಕು. ಕಾರಿನಲ್ಲಿ ಬಂದವನು ಊಟವನ್ನು ರೆಸಾರ್ಟಿನಲ್ಲಿ ಮಾಡುತ್ತಾನೆ, ನೀರನ್ನು ಬೆಂಗಳೂರಿನಿಂದ ತಂದಿರುತ್ತಾನೆ. ಆವಿನಹಳ್ಳಿಯ ಗೂಡಂಗಡಿಗೆ ಅವನಿಂದ ಸಿಗುವುದು ಧೂಳು. ಸೈಕಲ್ಲಿನವನು ಹಾಗಲ್ಲ. ಹತ್ತು ಕಿಲೋಮೀಟರಿಗೊಮ್ಮೆ ಇಳಿಯಲೇಬೇಕು. ಚಹಾ, ಬಾಳೆಹಣ್ಣು, ಮಜ್ಜಿಗೆ, ಬಿಸಿ ಕಡುಬು ಕಂಡರೆ ಎರಡು ತಟ್ಟೆ! ಹಸಿವಿನಷ್ಟು ನಂಬಿಗಸ್ತ ಗಿರಾಕಿ ಇನ್ನೊಂದಿಲ್ಲ. ಸಾಗರ, ಹೊಸನಗರಗಳ ಸಣ್ಣ ಖಾನಾವಳಿಯವರು, ಷಾಪಿನವರು ಈ ಅಂಚಿನ ಬೇಡಿಕೆಗೆ ನಮಗಿಂತ ಮೊದಲು ಸಹಿ ಹಾಕಬೇಕಾದವರು.

ದೂರದ ದಾರಿಗೆ ರೈಲೂ ಇದೆ. ಶಿವಮೊಗ್ಗದಿಂದ ಆನಂದಪುರ, ಸಾಗರದ ಮೇಲೆ ತಾಳಗುಪ್ಪದವರೆಗೆ ಹಳಿ ಹೋಗಿದೆ. ತಾಳಗುಪ್ಪದಲ್ಲಿ ಇಳಿದರೆ ಜೋಗಕ್ಕೆ ಸೈಕಲ್ಲಿನಲ್ಲಿ ಒಂದು ಒಂದೂಕಾಲು ಗಂಟೆ, ಅಲ್ಲಿಂದ ಲಿಂಗನಮಕ್ಕಿ ಅಣೆಕಟ್ಟು ಆರು ಕಿಲೋಮೀಟರು. ಬ್ರೇಕ್ ವ್ಯಾನಿನಲ್ಲಿ ಸೈಕಲ್ಲು ಬುಕ್ ಮಾಡಿ ಸಾಗಿಸುವ ಪದ್ಧತಿ ರೈಲ್ವೆಯಲ್ಲಿ ಹಳೆಯದು. ಅದು ದೊಡ್ಡ ನಿಲ್ದಾಣಕ್ಕೆ ಮಾತ್ರ ಸೀಮಿತವಾಗದೆ ಈ ದಾರಿಯ ಸಣ್ಣ ನಿಲ್ದಾಣಗಳಲ್ಲೂ ಹತ್ತು ನಿಮಿಷದಲ್ಲಿ ಮುಗಿಯುವಂತಿರಬೇಕು. ಬಸ್ಸುಗಳ ಬೆನ್ನಿಗೆ ಹಿಂದೆ ಏಣಿಯಿರುತ್ತಿತ್ತು, ಮೇಲೆ ಕಂಬಿಯ ಕಟ್ಟು. ಅಡಿಕೆ ಮೂಟೆ, ಕೋಳಿ ಪಂಜರ, ಸೈಕಲ್ಲು ಎಲ್ಲವೂ ಮೇಲೆ ಹತ್ತುತ್ತಿದ್ದವು. ಈಗಿನ ಬಹುಪಾಲು ಬಸ್ಸುಗಳಿಗೆ ಆ ಏಣಿಯೇ ಇಲ್ಲ. ಮಲೆನಾಡಿನ ಮಾರ್ಗಗಳ ನಾಲ್ಕು ಬಸ್ಸುಗಳಿಗಾದರೂ ಅದನ್ನು ಮತ್ತೆ ಬೆಸೆದರೆ ಸಾರಿಗೆ ಸಂಸ್ಥೆಗೆ ಬರುವ ನಷ್ಟವೇನು? ಸೈಕಲ್ಲಿಗೆ ಅರ್ಧ ಟಿಕೆಟ್ಟು ತೆಗೆದುಕೊಳ್ಳಲಿ, ಕೊಡುತ್ತೇವೆ.

ವಾರಕ್ಕೊಂದು ರಜೆ 1948ರ ಕಾರ್ಖಾನೆ ಕಾಯಿದೆಯ ಕಾಲದಿಂದಲೂ ನಮ್ಮ ಹಕ್ಕು. ಸಣ್ಣ ಗಿರಣಿಗಳಲ್ಲಿ ಸುಗ್ಗಿ ಬಂದಾಗ ಆ ರಜೆ ಎಲ್ಲಿ ಹೋಗುತ್ತದೆಯೆಂಬುದನ್ನು ಗಿರಣಿ ಮಾಲೀಕರೇ ಹೇಳಬೇಕು. ಡಿಸೆಂಬರು, ಜನವರಿ, ಅಂದರೆ ಮಲೆನಾಡಿನ ರಸ್ತೆ ಸೈಕಲ್ಲಿಗೆ ಅತ್ಯಂತ ಹಿತವಾಗಿರುವ ತಿಂಗಳುಗಳೇ ನಮ್ಮ ಗಿರಣಿಗಳಿಗೆ ಬಿಡುವಿಲ್ಲದ ತಿಂಗಳುಗಳೂ ಹೌದು. ಸುಗ್ಗಿಯಲ್ಲಿ ಬಿಟ್ಟುಕೊಟ್ಟ ಭಾನುವಾರಗಳನ್ನು ಲೆಕ್ಕ ಬರೆದಿಟ್ಟು, ಫೆಬ್ರವರಿಯಲ್ಲಿ ಎರಡೆರಡು ದಿನ ಜೊತೆಯಾಗಿ ಕೇಳಿ ಪಡೆಯುವುದು ಒಂದು ದಾರಿ. ಎರಡು ದಿನವಿದ್ದರೆ ಸಾಗರದ ಸುತ್ತು ಮುಗಿಯುತ್ತದೆ.

ಮೇ ತಿಂಗಳಲ್ಲಿ ರಜೆ ಸಿಗುವವರು ಬಿಸಿಲಿಗೆ ಹೆದರಿ ಮನೆಯಲ್ಲಿ ಕುಳಿತುಕೊಳ್ಳಬೇಕಾಗಿಲ್ಲ. ಲಿಂಗನಮಕ್ಕಿಯ ನೀರು ತಳ ಕಂಡ ವರ್ಷ, ಅದಕ್ಕಿಂತ ಹಿಂದೆ ಜೋಗದ ಮೊದಲನೆಯ ವಿದ್ಯುದಾಗಾರಕ್ಕಾಗಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಆ ತಿಂಗಳಲ್ಲಿ ನೀರಿನಿಂದ ಮೇಲೆ ಏಳುತ್ತದೆ. ದೊಡ್ಡ ಕಟ್ಟೆಯ ನೀರಿನಲ್ಲಿ ಮುಳುಗಿದ ಸಣ್ಣ ಕಟ್ಟೆ ಅದು. ಹೆಚ್ಚುವರಿ ನೀರನ್ನು ತಾನಾಗಿ ಹೊರಹಾಕಲು ಗಣೇಶ ಅಯ್ಯರ್ ರೂಪಿಸಿದ ಸೈಫನ್ನುಗಳು ಹಾಗೆಯೇ ನಿಂತಿವೆ. ಸೈಕಲ್ಲನ್ನು ದಡದ ಮರಕ್ಕೆ ಒರಗಿಸಿ ಒಣಗಿ ಬಿರುಕುಬಿಟ್ಟ ಕೆಸರಿನ ಮೇಲೆ ನಡೆದೇ ಹೋಗಬೇಕು. ಬೆಳಗಿನ ಹೊತ್ತೇ ಸರಿ, ನೆರಳಿಲ್ಲ. ಜೂನಿನ ಮಳೆ ಹಿಡಿದು ಹೊಳೆ ತುಂಬಿ ಬಂದರೆ ಅದು ಮತ್ತೆ ಕಾಣುವುದಿಲ್ಲ.